ಬಾಟ್ಲಿಯಲ್ಲಿ ಹುಟ್ಟಿದ ಮಾಕಳಿ

ಮೂಕಂಡಪಲ್ಲಿಯ ಕಾರ್ಖಾನೆಗಳಲ್ಲಿ ಮೊದಲ ಪಾಳಿಯ ಸೈರನ್ ಇನ್ನೂ ಕೂಗಿಲ್ಲ. ಅವುಗಳ ಹಿಂಬದಿಯಲ್ಲಿ, ಬಾಟ್ಲಿಗಳಲ್ಲಿ ಗಿಡ ಬೆಳೆಸುವ ಪುಟ್ಟ ಪ್ರಯೋಗಾಲಯದಲ್ಲಿ ಪಿಳ್ಳಮ್ಮ ಆಗಲೇ ಮೊಣಕೈವರೆಗೆ ಸೋಪು ಹಚ್ಚಿ ತೊಳೆದು, ಮುಡಿದ ಹೂವನ್ನು ಹೊಸಿಲಾಚೆ ತೆಗೆದಿಟ್ಟು, ಬಾಯಿಗೆ ಬಟ್ಟೆ ಕಟ್ಟಿ ಗಾಜಿನ ಪೆಟ್ಟಿಗೆಯ ಮುಂದೆ ಕೂತಿದ್ದಾರೆ. ಪೆಟ್ಟಿಗೆಯೊಳಗಿಂದ ಸೋಸಿದ ಗಾಳಿ ಸಣ್ಣಗೆ ಬೀಸುತ್ತಿದೆ. ಚಿಮುಟವನ್ನು ದೀಪದ ಉರಿಗೆ ಹಿಡಿಯುತ್ತಾರೆ, ಆರಲು ಬಿಡುತ್ತಾರೆ, ಮಾಕಳಿ ಬಳ್ಳಿಯ ಒಂದು ಗೆಣ್ಣನ್ನು ಕತ್ತರಿಸಿ ಬಾಟ್ಲಿಯ ತಳದಲ್ಲಿ ಗಿಡಕ್ಕೆ ಆಹಾರವಾಗಿರುವ ಲೋಳೆಯಲ್ಲಿ ನೆಡುತ್ತಾರೆ. ಬೆರಳುಗುರಿನಷ್ಟು ತುಣುಕು. ಅದರೊಳಗೆ ಇಡೀ ಬಳ್ಳಿ ಮಲಗಿದೆಯೆಂದರೆ ನಂಬಲು ಮನಸ್ಸು ಹಿಂಜರಿಯುತ್ತದೆ. ಕಪಾಟಿನ ಬಾಟ್ಲಿಗಳಲ್ಲಿ ಸಾಲಾಗಿ ನಿಂತ ಹಸಿರನ್ನು ಕಂಡಾಗ ಕೈ ತಾನಾಗಿಯೇ ಮುಗಿಯುತ್ತದೆ.

ಪಿಳ್ಳಮ್ಮ ಜವಳಗಿರಿಯವರು. ಮನೆಯವರೆಲ್ಲ ಕಾಡಿನ ಬಂಡೆಸಂದುಗಳಲ್ಲಿ ಮಾಕಳಿ ಬೇರು ಅಗೆದು ಬದುಕಿದವರು. ಉಪ್ಪಿನಕಾಯಿಗೂ ಔಷಧಿಗೂ ಬೇಕಾದ ಆ ಘಮಘಮಿಸುವ ಬೇರು ಅಗೆದಂತೆಲ್ಲ ಮುಗಿಯುತ್ತಾ ಬಂತು. ಹುಡುಕುತ್ತಾ ಆನೆಯ ಜಾಡಿಗೇ ಹೋದ ಗಂಡ ಬಚ್ಚಪ್ಪ ಕಾಲು ಮುರಿದುಕೊಂಡರು. “ಆನೆ ಅಟ್ಟಿಸ್ಕೊಂಡ್ ಬಂತು, ಬಂಡೆ ಮ್ಯಾಲಿಂದ ಎಗರ್ಬುಟ್ರು. ಬೇರಿನ ಗಂಟು ಮಾತ್ರ ಬಿಡ್ಲಿಲ್ಲ ನೋಡಿ, ಪುಣ್ಯಾತ್ಮ!” ಎಂದು ಪಿಳ್ಳಮ್ಮ ನಗುತ್ತಾರೆ. ಸಂಸಾರ ಕಾರ್ಖಾನೆಗಳಿಗೆ ಹತ್ತಿರದ ಮತ್ತಿಗಿರಿಗೆ ಬಂತು. ಪ್ರಯೋಗಾಲಯದಲ್ಲಿ ಬಾಟ್ಲಿ ತೊಳೆಯಲು ಸೇರಿದ ಪಿಳ್ಳಮ್ಮನ ತಾಳ್ಮೆಯ ಕೈ ಕಂಡು, ಮೇಲ್ವಿಚಾರಕಿ ಜಲಜಮ್ಮ ಒಳಗೆ ಕೂರಿಸಿ ಕೆಲಸ ಕಲಿಸಿದರು.

ಅತ್ತೆ ರಾಮಕ್ಕ ಮಾತ್ರ ಒಪ್ಪಲಿಲ್ಲ. “ಗಾಜಿನ ಬಾಟ್ಲೀಲಿ ಹುಟ್ಟಿದ್ದು ಮಾಕಳಿ ಆದಾತೇನೇ? ಮೊದ್ಲು ವಾಸ್ನೆ ತೋರ್ಸು, ಆಮೇಲೆ ಮಾತಾಡು.” ಅಂದಿನಿಂದ ಪಿಳ್ಳಮ್ಮನ ಮನಸ್ಸು ಆ ಒಂದು ವಾಸನೆಯ ಮೇಲೇ ನಿಂತಿತು.

ಎಂಬತ್ತನಾಲ್ಕನೇ ಇಸವಿಯ ಆಯುಧಪೂಜೆಯ ದಿನ ಕಾರ್ಖಾನೆಗಳಲ್ಲಿ ಎಲ್ಲ ಯಂತ್ರಗಳಿಗೂ ಪೂಜೆ. ಪಿಳ್ಳಮ್ಮನೂ ಭಕ್ತಿಯಿಂದ ಗಾಜಿನ ಪೆಟ್ಟಿಗೆಗೆ ಅರಿಶಿನ ಕುಂಕುಮವಿಟ್ಟು, ಒಳಗೇ ಚೆಂಡುಹೂವಿನ ಹಾರ ಹಾಕಿದರು. “ಅನ್ನ ಕೊಡೋ ಮಿಶನ್ನು, ಪೂಜೆ ಮಾಡ್ದೆ ಹೆಂಗಿರೋದು?” ಹೂವಿನೊಡನೆ ಬಂದ ಕಣ್ಣಿಗೆ ಕಾಣದ ಬೂಷ್ಟು, ಇದ್ದ ಚಿಗುರುಗಳನ್ನೆಲ್ಲ ಕತ್ತರಿಸಿ ಆಮೇಲೆ ಹೊಸದಾಗಿ ನೆಟ್ಟ ಬಾಟ್ಲಿಗಳನ್ನೆಲ್ಲ ತಿಂದಿತು. ಉಳಿದದ್ದು ಹಬ್ಬಕ್ಕೆ ಮುಂಚೆ ನೆಟ್ಟು, ಕಪಾಟಿನ ಮೂಲೆಯಲ್ಲಿ ಮರೆತಿದ್ದ ಒಂದೇ ಬಾಟ್ಲಿ.

“ಬಯ್ದ್ರಾ?” ಎಂದು ಕೇಳಿದರೆ ಪಿಳ್ಳಮ್ಮ ಇಲ್ಲವೆಂದು ತಲೆಯಾಡಿಸುತ್ತಾರೆ. “ಜಲಜಮ್ಮನೋರು ಬಯ್ಲಿಲ್ಲ. ‘ದೇವ್ರು ಹೊಸ್ಲಾಗೂ ಅವ್ನೆ ಪಿಳ್ಳಮ್ಮಾ, ಅಲ್ಲೇ ಮಾಡು’ ಅಂದ್ರು. ಬಯ್ದಿದ್ರೇ ಚೆಂದಾಗಿತ್ತು.” ಅಂದಿನಿಂದ ಇಲ್ಲಿ ಪೂಜೆ ಹೊಸಿಲಿಗೆ.

ಆ ಒಂದು ಬಾಟ್ಲಿಯಿಂದಲೇ ಇಷ್ಟೆಲ್ಲ ಹಬ್ಬಿತು. ಆದರೆ ಮೊದಮೊದಲು ಚಿಗುರು ಬಂದರೂ ಬೇರು ಬರಲಿಲ್ಲ. ಜಲಜಮ್ಮ ಲೋಳೆಯ ಹದ ಬದಲಿಸುತ್ತಲೇ ಹೋದರು, ಪಿಳ್ಳಮ್ಮ ನೆಡುತ್ತಲೇ ಹೋದರು. ಕೊನೆಗೊಮ್ಮೆ ಬಿಳಿ ಎಳೆ ಇಳಿಯಿತು. ಮಣ್ಣಿಗಿಟ್ಟರೆ ಬಾಡಿತು. ಪ್ಲಾಸ್ಟಿಕ್ ಹೊದಿಸಿ, ದಿನಕ್ಕಿಷ್ಟು ಸರಿಸಿ, ಹೊರಗಿನ ಗಾಳಿ ರೂಢಿ ಮಾಡಿಸಿದರು. “ಬಾಣಂತಿ ಕೋಣೆಯಿಂದ ಕೂಸ್ನ ಈಚೆ ತಂದಂಗೆ.”

ಹಾಗೆ ಬದುಕಿದ ಮೊದಲ ಗಿಡವನ್ನು ಕುಂಡಕ್ಕಿಟ್ಟು ಇಂದಿಗೆ ವರ್ಷ ತುಂಬಿದೆ. ಬೆಳಗಿನ ಕೆಲಸ ಮುಗಿಸಿದ ಪಿಳ್ಳಮ್ಮ ಹಿತ್ತಲಿನ ಚಪ್ಪರಕ್ಕೆ ಹೋಗುತ್ತಾರೆ. ರಾಮಕ್ಕ ಕೋಲೂರಿಕೊಂಡು ಬಂದು ಕಾದಿದ್ದಾರೆ. ಪಿಳ್ಳಮ್ಮ ಮಣ್ಣು ಕೆದಕಿ, ಪೆನ್ಸಿಲ್ ಗಾತ್ರದ ಒಂದು ಬೇರಿನ ತುದಿ ಚಿವುಟಿ, ತಾವು ಮೂಸದೆ ಅತ್ತೆಯ ಅಂಗೈಗೆ ಇಡುತ್ತಾರೆ. ಮುದುಕಿ ಅದನ್ನು ಉಜ್ಜಿ ಮೂಗಿಗೆ ಹಿಡಿದು ಕಣ್ಣು ಮುಚ್ಚುತ್ತಾರೆ.

“ಸುಳ್ಳೇಳ್ಬ್ಯಾಡ ಕಣೇ,” ಎನ್ನುತ್ತಾರೆ ರಾಮಕ್ಕ, “ಇದ್ನ ಕಾಡಿಂದ ತಂದಿದ್ದೀಯ.”

ಪಿಳ್ಳಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡು ಕೆದಕಿದ ಮಣ್ಣನ್ನು ಮತ್ತೆ ಮುಚ್ಚುತ್ತಾರೆ. ಇನ್ನೇನು ಆಸೆ ಎಂದು ಕೇಳಿದಾಗ ಜವಳಗಿರಿಯ ದಿಕ್ಕಿಗೆ ನೋಡುತ್ತಾರೆ.

“ಮಳೆ ಬೀಳ್ಲಿ, ನಾಕು ಗಿಡ ತಗೊಂಡ್ ಹೋಗಿ ಬತ್ತೀನಿ. ನಾವ್ ಅಗ್ದಿರ ಗುಂಡಿಗ್ಳು ಅಲ್ಲಿ ಇನ್ನೂ ಹಂಗೇ ಅವೆ.”