ಪೂಜೆಯ ಎಣ್ಣೆ, ಮೊಮ್ಮಗಳ ಬ್ರೇಕು

“ಈ ಡಿಸ್ಕಿಗೆ ಎಣ್ಣಿ ಯಾರ್ ಹಚ್ಯಾರ್ರಿ? ಪ್ಯಾಡ್ ಎಲ್ಲಾ ಎಣ್ಣಿ ಕುಡದಾವು, ಬ್ರೇಕ್ ಹೆಂಗ ಹಿಡಿತೈತಿ?” ಚಿಕ್ಕೋಡಿಯ ಸೈಕಲ್ ಅಂಗಡಿಯವನು ಕೇಳಿದಾಗ, ಮೊಮ್ಮಗಳ ಜೊತೆ ಬಂದು ಮೊಣಕಾಲು ನೋವಿಗೆ ಸ್ಟೂಲಿನ ಮೇಲೆ ಕುಳಿತಿದ್ದ ನಾನು ತಲೆ ತಗ್ಗಿಸಿ ಸೆರಗು ಸರಿಮಾಡಿಕೊಂಡೆ. ಹಚ್ಚಿದವಳು ನಾನೇ. ದಸರೆಯಲ್ಲಿ ಆಯುಧಗಳಿಗೆ ಮಾಡುವ ಖಂಡೇ ಪೂಜೆಯ ದಿನ ಕುಡುಗೋಲು, ಸಲಿಕೆಗಳಿಗೆ ಸವರಿದ ಹಾಗೆ ಅವಳ ಗುಡ್ಡ ಹತ್ತುವ ಸೈಕಲ್ಲಿನ ಹೊಳೆಯುವ ಕಬ್ಬಿಣಕ್ಕೆಲ್ಲ, ಚಕ್ರದ ನಡುವೆ ಬ್ರೇಕ್ ಹಿಡಿಯುವ ತಟ್ಟೆಯಂಥ ಆ ಡಿಸ್ಕಿಗೂ, ಕೊಬ್ಬರಿ ಎಣ್ಣೆ ಸವರಿದ್ದೆ. ಮರುದಿನ ಇಳಿಜಾರಿನಲ್ಲಿ ಬ್ರೇಕ್ ಹಿಡಿಯದೆ, ಎದುರಿಗೆ ಬಂದ ಟ್ರ್ಯಾಕ್ಟರ್ ತಪ್ಪಿಸಲು ಹೋಗಿ ಅವಳು ಕಬ್ಬಿನ ಹೊಲಕ್ಕೆ ಬಿದ್ದು ಬದುಕಿದ್ದಳು.

ಹೊಸ ಗೇರ್ ಹಾಕಿಸಲು ವರ್ಷವಿಡೀ ದುಡ್ಡು ಕೂಡಿಸಿ ಕಾದಿದ್ದ ಹುಡುಗಿ ಈಗ ಸಿಟ್ಟಾಗುತ್ತಾಳೆ ಎಂದುಕೊಂಡೆ. “ಗೇರ್ ಇರ್ಲಿ ಬಿಡ್ರಿ ಅಣ್ಣಾ, ಮೊದ್ಲ ಛಲೋ ಪ್ಯಾಡ್ ಹಾಕ್ರಿ, ಡಿಸ್ಕೂ ದೊಡ್ಡದು ಹಾಕ್ರಿ” ಎಂದಳು. ಆಮೇಲೆ ನನ್ನ ಕಡೆ ತಿರುಗಿ, “ಆಯಿ, ಮುಂದಿನ ಪೂಜಿಗೆ ಸೈಕಲ್ಲಿಗೆ ಬರೇ ಕುಂಕುಮ ಸಾಕು. ಎಣ್ಣಿ ನನ್ನ ತಲಿಗಿ ಹಚ್ಚು” ಎಂದು ನಕ್ಕಳು.

ಬಸ್ಸಿನಲ್ಲಿ ನಿಂತೇ ಊರಿಗೆ ಬಂದೆ, ಸೊಂಟ ಬಿದ್ದುಹೋಗಿತ್ತು. ಅವಳು ಹೊಸ ಬ್ರೇಕಿನ ಸೈಕಲ್ ಹತ್ತಿ ನನಗಿಂತ ಮೊದಲೇ ಬಂದು ನಿಲ್ದಾಣದಲ್ಲಿ ಕಾಯುತ್ತಿದ್ದಳು. ಕೈಕಾಲು ಗಟ್ಟಿಯಾಗಿ ನಿಂತಿದ್ದ ಅವಳನ್ನು ನೋಡಿ, ಆ ಸುಸ್ತಿನಲ್ಲೂ ನನಗಿಂತ ಪುಣ್ಯವಂತೆ ಯಾರಿದ್ದಾರೆ ಅನಿಸಿತು.