‘ನಿನಗೇನು ಕಮ್ಮಿ?’

ಮೈಸೂರಿನ ಕಾಲೇಜೊಂದರಲ್ಲಿ ಹನ್ನೊಂದು ವರ್ಷ ಆಧುನಿಕ ಯೂರೋಪಿನ ಚರಿತ್ರೆ ಪಾಠ ಮಾಡಿದವಳು ನಾನು. ಗಂಡನ ವೀಸಾದ ಬೆನ್ನು ಹತ್ತಿ ಅಮೆರಿಕದ ರಾಲಿಗೆ ಬಂದ ಮೇಲೆ ನನಗೆ ಕೆಲಸ ಮಾಡುವ ಹಕ್ಕೇ ಇರಲಿಲ್ಲ. ಕೋವಿಡ್ ಬಂತು. ಅವರು ಒಂದು ರೂಮಿನಲ್ಲಿ ದಿನವಿಡೀ ಮೀಟಿಂಗ್‌ನಲ್ಲಿರುತ್ತಿದ್ದರು, ನಾನು ಅಡುಗೆಮನೆಯಲ್ಲಿ ಸದ್ದಾಗದಂತೆ ಪಾತ್ರೆ ಎತ್ತಿಡುತ್ತಿದ್ದೆ. ವರ್ಕ್ ಪರ್ಮಿಟ್‌ಗೆ ಅರ್ಜಿ ಹಾಕಿ ತಿಂಗಳುಗಳಾಗಿದ್ದವು, ಸುದ್ದಿಯಿಲ್ಲ.

ಮರುವರ್ಷ ಪಕ್ಕದ ಮನೆಯ ಕನ್ನಡದ ಹುಡುಗಿಗೆ ಹೈಸ್ಕೂಲಿನ ಯೂರೋಪ್ ಚರಿತ್ರೆ ಪರೀಕ್ಷೆ ಇತ್ತು. ನಮ್ಮ ಮನೆಯ ಹಿಂದಿನ ಮರದ ಡೆಕ್ ಮೇಲೆ ಕೂರಿಸಿಕೊಂಡು ಹೇಳಿಕೊಡತೊಡಗಿದೆ. ಬರ್ಲಿನ್ ಗೋಡೆಯ ಪಾಠದ ದಿನ ಎದುರುಮನೆಯ ಅಜ್ಜಿಯನ್ನೂ ಕರೆದೆ. ಆಕೆ ಪೂರ್ವ ಜರ್ಮನಿಯಲ್ಲಿ ಬೆಳೆದವರು. ಮಾಸ್ಕ್ ಹಾಕಿಕೊಂಡು ಬಂದು, ಕುರ್ಚಿಯ ಮೇಲಿನ ಹಳದಿ ಪೈನ್ ಪರಾಗ ಒರೆಸಿ ಕೂತರು.

“ಆಂಟಿ, ಈಸ್ಟ್ ಜರ್ಮನಿಯವ್ರು ಜಸ್ಟ್ ಲೀವ್ ಮಾಡ್ಬಹುದಿತ್ತಲ್ವಾ?” ಎಂದಳು ಹುಡುಗಿ. ನಾನು ಅದನ್ನೇ ಇಂಗ್ಲಿಷಿನಲ್ಲಿ ಅಜ್ಜಿಗೆ ಕೇಳಿದೆ.

“ದೇಶ ಬಿಡ್ತೀನಿ ಅಂತ ಅರ್ಜಿ ಹಾಕಿದ್ದೆ. ನಾನು ಟೀಚರ್ ಆಗಿದ್ದವಳು. ಮರುವಾರವೇ ಶಾಲೆಯ ಮಕ್ಕಳ ಹತ್ತಿರ ಬಿಡದೆ, ಒಂದು ನೆಲಮಾಳಿಗೆಯಲ್ಲಿ ಫೈಲ್ ಜೋಡಿಸೋಕೆ ಕೂರಿಸಿದರು. ಮೂರು ವರ್ಷ,” ಎಂದರು ಅಜ್ಜಿ. ಮಾಸ್ಕ್ ಸರಿಮಾಡಿಕೊಂಡು, “ಗೋಡೆಯನ್ನು ನಾನು ಕಣ್ಣಾರೆ ನೋಡಿದ್ದು ಎರಡೇ ಸಲ. ಉಸಿರು ಕಟ್ಟಿಸಿದ್ದು ನನ್ನ ಅಕ್ಕ. ‘ಮನೆಯಿದೆ, ಊಟವಿದೆ, ನಿನಗೇನು ಕಮ್ಮಿ?’ ಅಂತ ದಿನಾ ಕೇಳುತ್ತಿದ್ದಳು” ಎಂದರು.

ನೀರು ತರುವ ನೆಪದಲ್ಲಿ ಒಳಗೆ ಹೋದೆ. ಹಿಂದಿನ ದಿನವಷ್ಟೇ ನನ್ನ ಗಂಡ ಅದೇ ಮಾತು ಕೇಳಿದ್ದರು. ನಲ್ಲಿ ತಿರುಗಿಸಿ, ಆ ಸದ್ದಿನಲ್ಲಿ ಅತ್ತುಬಿಟ್ಟೆ.

ಅವರಿಬ್ಬರೂ ಹೋದ ಮೇಲೆ ಗಂಡನ ರೂಮಿಗೆ ಹೋಗಿ, “ನಿಂಗೇನು ಕಮ್ಮಿ ಅಂತ ಇನ್ಯಾವತ್ತೂ ಕೇಳ್ಬೇಡಿ” ಎಂದೆ.

ಅವರು ಲ್ಯಾಪ್‌ಟಾಪ್ ಮುಚ್ಚಿದರು. “ನಾನೇನ್ ಮಾಡ್ಲಿ ಹೇಳು? ಈ ಕೆಲಸ ಹೋದ್ರೆ ವೀಸಾನೂ ಹೋಗುತ್ತೆ, ಎರಡು ತಿಂಗಳಲ್ಲಿ ಊರಿಗೆ ಗಂಟುಮೂಟೆ ಕಟ್ಬೇಕು. ಬಾಸ್ ಏನಂದ್ರೂ ಹೂಂ ಅಂತೀನಿ.” ನನ್ನನ್ನು ಕೂಡಿಹಾಕಿದವರು ಇವರೇ ಎಂದುಕೊಂಡಿದ್ದೆ. ಇವರೂ ನನ್ನ ಜೊತೆ ಒಳಗೇ ಇದ್ದರು.

ವರ್ಕ್ ಪರ್ಮಿಟ್ ಕೊನೆಗೂ ಬಂದಾಗ ಅದರ ಅವಧಿ ನಾಲ್ಕೇ ತಿಂಗಳು ಉಳಿದಿತ್ತು; ಗಂಡನ ವೀಸಾ ಮುಗಿಯುವ ದಿನಕ್ಕೇ ಅದೂ ಮುಗಿಯುತ್ತಿತ್ತು. ಹೆರಿಗೆ ರಜೆಯ ಮೇಲಿದ್ದ ಟೀಚರ್ ಜಾಗಕ್ಕೆ ಒಂದು ಶಾಲೆ ನನ್ನನ್ನು ತೆಗೆದುಕೊಂಡಿತು. ಫ್ರೆಂಚ್ ಕ್ರಾಂತಿಯಿಂದ ಶುರುಮಾಡಿ ಮೊದಲನೇ ಮಹಾಯುದ್ಧದ ನಡುವಿಗೆ ಬಂದಿದ್ದೆವು, ಅಷ್ಟರಲ್ಲಿ ಪರ್ಮಿಟ್ ಕಾರ್ಡಿನ ಅವಧಿ ಮುಗಿಯಿತು.

“ಸೋಮವಾರ ಬರ್ತೀರಲ್ಲ?” ಎಂದು ಮಕ್ಕಳು ಕೇಳಿದರು. ಗೊತ್ತಿಲ್ಲ ಎಂದೆ. ಹೊಸ ಕಾರ್ಡು ಬರುವಷ್ಟರಲ್ಲಿ ಆ ಟೀಚರ್ ರಜೆ ಮುಗಿಸಿ ಬಂದಿದ್ದರು.