ಬೆಲ್ಲದ ತುಂಡು, ಮೂರು ಪದ

ಮರೆವಿನ ಪರೀಕ್ಷೆ ಮಾಡುವುದು ನನ್ನ ಕೆಲಸ. ಬೆಳ್ಮಣ್‌ನ ಗಿರಿಜಕ್ಕನದು ಪ್ರಾಯದ ಮರೆವೋ ಕಾಯಿಲೆಯೋ ಎಂದು ಅವರ ಗಂಡನಿಗೆ ತಿಳಿಯಬೇಕಿತ್ತು. ಮನೆಗೆ ಹೋದೆ. ಗಿರಿಜಕ್ಕ ಬೆಲ್ಲ, ನೀರು ಕೊಟ್ಟು ಕೂರಿಸಿದರು.

“ದೋಣಿ, ಕೊಡೆ, ಮಲ್ಲಿಗೆ. ಆಮೇಲೆ ಕೇಳುತ್ತೇನೆ, ನೆನಪಿಟ್ಟುಕೊಳ್ಳಿ” ಎಂದೆ.

ಸ್ವಲ್ಪ ಹೊತ್ತು ಬಿಟ್ಟು ಕೇಳಿದೆ.

“ಎಂತ ಪದ? ಅದಿರಲಿ, ನಿಮಗೆ ಬಾಯಾರಿಕೆಗೆ ಎಂತದೂ ಕೊಡಲಿಲ್ಲ ಅಲ್ವಾ!” ಮತ್ತೆ ಬೆಲ್ಲ, ನೀರು ಬಂತು.

“ಒಂದು ಹೂವಿನ ಹೆಸರು” ಎಂದು ಸುಳಿವು ಕೊಟ್ಟೆ. ಸುಮ್ಮನೆ ನಕ್ಕು, ಪುನಃ ಬೆಲ್ಲ ತರಲು ಎದ್ದರು.

“ಬೇಡ ಅನ್ನಬೇಡಿ ಮಾರಾಯ್ರೆ, ಅವಳಿಗೆ ಬೇಜಾರಾಗ್ತದೆ” ಎಂದು ಗಂಡ ಪಿಸುಗುಟ್ಟಿದರು.

ಕೊಟ್ಟದ್ದು ಮರೆತಿದೆ, ಕೊಡಬೇಕೆಂಬುದು ಮರೆತಿಲ್ಲ. ಅದಕ್ಕೆ ನನ್ನ ಪರೀಕ್ಷೆಯಲ್ಲಿ ಅಂಕವಿಲ್ಲ.

ಮೂರನೆಯ ತುಂಡನ್ನೂ ಬಾಯಿಗೆ ಹಾಕಿಕೊಂಡೆ. ನನಗೆ ಶುಗರ್ ಉಂಟೆಂಬುದು ಚೆನ್ನಾಗಿಯೇ ನೆನಪಿತ್ತು.